ಮೇಣದ ಬಟ್ಟೆ ಒಳಗೆ ಹೋದ ಮೇಲೆ

ಮಾರ್ಚ್ 11, ಬುಧವಾರ, ಬೆಳಗಿನ 5 ಗಂಟೆ 40 ನಿಮಿಷ. ಹೊರಗೆ ಇನ್ನೂ ನಸುಗತ್ತಲು. ಲಾಂಡ್ರಿಯೊಳಗೆ ಆಗಲೇ ಬೆವರಿಳಿಸುವ ಸೆಕೆ. ಒಗೆದು ಹಿಂಡಿದ ಬೆಡ್‌ಶೀಟುಗಳು ಒದ್ದೆ ಮುದ್ದೆಗಳಾಗಿ ತಳ್ಳುಗಾಡಿಯಲ್ಲಿ ಬಂದು ನಿಲ್ಲುತ್ತಿವೆ. ಇಬ್ಬರು ಹೆಂಗಸರು ಒಂದೊಂದು ಮೂಲೆ ಹಿಡಿದು, ಒಮ್ಮೆ ಜೋರಾಗಿ ಕೊಡವಿ, ಬಿಸಿ ರೋಲರಿನ ಬಾಯಿಗೆ ಕೊಡುತ್ತಾರೆ. ಆಚೆ ಬದಿಯಲ್ಲಿ ಅದು ಗರಿಗರಿಯಾಗಿ ಹೊರಬರುತ್ತದೆ. ಎಡಕ್ಕೆ ನಿಂತಿರುವುದು ಚಿಕ್ಕಮ್ಮ. ಇಲ್ಲಿ ಯಾರಿಗೂ ರಕ್ತಸಂಬಂಧಿಯಲ್ಲ, ಆದರೆ ಇಡೀ ಲಾಂಡ್ರಿಗೆ ಚಿಕ್ಕಮ್ಮ. ಬಲಕ್ಕೆ ನಿಂತವಳು 'ಗಡಿಯಾರ'.

ಊಟದ ಹೊತ್ತು ಒಂದು ನಿಮಿಷವೂ ತಪ್ಪಿಸುವುದಿಲ್ಲವೆಂದು ಆ ಹೆಸರಿಟ್ಟವರು ಇಲ್ಲಿ ಕೆಲಸ ಮಾಡಿಸುವ ಮೇಸ್ತ್ರಿ, ಗೇಲಿಗೆ. ಆಕೆ ಅದನ್ನೇ ಕೆಂಪು ದಾರದಲ್ಲಿ ಏಪ್ರನ್ ಮೇಲೆ ಹೊಲಿದುಕೊಂಡಿದ್ದಾಳೆ. "ದೊಡ್ಡವರು ಕೊಟ್ಟಿದ್ದು, ಬೇಡ ಅನ್ನೋಕಾಗುತ್ತಾ?" ಎನ್ನುತ್ತಾಳೆ, ತುಟಿಯಂಚಿನಲ್ಲೂ ನಗು ತೋರಿಸದೆ.

ಹತ್ತೊಂಬತ್ತನೆಯ ವಯಸ್ಸಿಗೇ ಆಕೆಯ ಮೈ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿತು. ಅಂದಿನಿಂದ ರಾತ್ರಿಗೊಮ್ಮೆ, ಇಡೀ ದಿನ ಬಾಳುವ ಒಂದು ಚುಚ್ಚುಮದ್ದು, ಪ್ರತಿ ಊಟಕ್ಕೆ ಮುಂಚೆ ಚುರುಕಿನದು ಒಂದು. ಈ ಚುರುಕಿನ ಇನ್ಸುಲಿನ್ ಸುಮಾರು ಕಾಲು ಗಂಟೆಯಲ್ಲಿ ಕೆಲಸಕ್ಕಿಳಿಯುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಜೋರು ಮೇಲೇರಿ, ಆಮೇಲೆ ಇಳಿಯುತ್ತಾ ಮೂರರಿಂದ ಐದು ಗಂಟೆಯವರೆಗೂ ಉಳಿದಿರುತ್ತದೆ. ಊಟದ ಸಕ್ಕರೆ ರಕ್ತಕ್ಕೆ ಇಳಿಯುವಾಗ ಎದುರುಗೊಳ್ಳಲು ಅದು ಸಿದ್ಧವಾಗಿರಬೇಕು. ಅದಕ್ಕೇ ಆಕೆಯ ಡಾಕ್ಟರು ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಚುಚ್ಚಿಕೊಳ್ಳಲು ಹೇಳಿರುವುದು. ಚುಚ್ಚಿಕೊಂಡ ಮೇಲೆ ಊಟ ಮಾತ್ರ ತಪ್ಪಬಾರದು. ಒಳಗೆ ಹೋದದ್ದನ್ನು ವಾಪಸು ಕರೆಯುವ ದಾರಿಯಿಲ್ಲ.

ಎರಡು ವರ್ಷದ ಹಿಂದೆ ತಪ್ಪಿತು. ಆಗ ಆಕೆ ಒಂಬತ್ತೂವರೆಯ ಊಟದ ಗಂಟೆಯನ್ನು ನಂಬಿ, ಕಾಲು ಗಂಟೆ ಮೊದಲೇ ಶೌಚಾಲಯಕ್ಕೆ ಹೋಗಿ ಕದ್ದು ಚುಚ್ಚಿಕೊಳ್ಳುತ್ತಿದ್ದಳು. ಆ ದಿನ ಅರ್ಜೆಂಟ್ ಬಟ್ಟೆ ಬಂತು. "ಇನ್ನೊಂದೇ ಗಾಡಿ, ಇನ್ನೊಂದೇ ಗಾಡಿ" ಎನ್ನುತ್ತಾ ಮೇಸ್ತ್ರಿ ಗಂಟೆ ಹೊಡೆಸಲೇ ಇಲ್ಲ. ಆಕೆ ನಾಚಿಕೆಗೆ ಬಾಯಿಬಿಡಲಿಲ್ಲ. ಮೈ ಬೆವರಿತು, ಕೈ ನಡುಗಿತು, ಕಣ್ಣು ಮಂಜಾಯಿತು. ಬೆಡ್‌ಶೀಟಿನ ಮೂಲೆಯನ್ನು ಬಿಡಬೇಕೆಂಬುದೇ ಮರೆತುಹೋಯಿತು. ಚಿಕ್ಕಮ್ಮ ಕಿರುಚಿ ಯಂತ್ರ ನಿಲ್ಲಿಸಿ, ಬಾಯಿಗೆ ಸಕ್ಕರೆ ನೀರು ಹೊಯ್ದಳು. ಅಷ್ಟರಲ್ಲಿ ರೋಲರಿಗೆ ತಾಗಿ ಎರಡು ಬೆರಳ ತುದಿ ಸುಟ್ಟಿತ್ತು.

"ಗಂಟೆ ನಂಬಿದ್ದು ತಪ್ಪು. ಬಾಯಿ ಮುಚ್ಕೊಂಡಿದ್ದು ಅದಕ್ಕಿಂತ ದೊಡ್ಡ ತಪ್ಪು" ಎಂದು ಆ ಬೆರಳುಗಳನ್ನು ಮಡಚಿ ಬಿಚ್ಚುತ್ತಾಳೆ.

ಗಾಯ ಮಾಯುವ ಹೊತ್ತಿಗೆ ಮೇಸ್ತ್ರಿಯ ತೀರ್ಮಾನ ಸಿದ್ಧವಿತ್ತು: ರೋಲರ್ ಬಿಟ್ಟು ನೆಲಮಾಳಿಗೆಗೆ ಹೋಗಿ ಕೊಳೆಬಟ್ಟೆ ವಿಂಗಡಿಸಬೇಕು. "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರಂತೆ.

"ನಾನು ಇಳಿಯಲ್ಲ ಅಂದೆ. ಕೆಟ್ಟಿದ್ದು ನಿಮ್ಮ ಗಂಟೆ, ನನ್ನ ಕೈ ಅಲ್ಲ ಅಂದೆ."

ಮಾತಿನಿಂದ ಗಂಟೆ ಸರಿಹೋಗಲಿಲ್ಲ. ದಾರಿ ಸಿಕ್ಕಿದ್ದು ಮೇಣದಿಂದ. ಪ್ರತಿ ಬಿಡುವಿಗೆ ಮುಂಚೆ, ರೋಲರಿಗೆ ಬಟ್ಟೆ ಅಂಟದಂತೆ, ಅದರೊಳಗೆ ಮೇಣ ಸವರಿದ ಬಟ್ಟೆಯೊಂದನ್ನು ಓಡಿಸುವುದು ಇಲ್ಲಿಯ ಪದ್ಧತಿ. ಅದು ಒಳಗೆ ಹೋಯಿತೆಂದರೆ ಅರ್ಧ ಗಂಟೆ ಬೆಡ್‌ಶೀಟ್ ಹಾಕುವಂತಿಲ್ಲ. ಹಾಕಿದರೆ ಕಲೆ ಕೂತು ಮತ್ತೆ ಒಗೆಯಲು ಹೋಗುತ್ತದೆ. ಆಕೆ ಹೊಸ ನಿಯಮ ಮಾಡಿಕೊಂಡಳು: ಮೊದಲು ಮೇಣದ ಬಟ್ಟೆ, ಆಮೇಲೆ ಸೂಜಿ. "ಮೇಸ್ತ್ರಿ ಮನಸ್ಸು ಬದಲಾಯಿಸಬಹುದು. ಮೇಣ ಬದಲಾಯಿಸಲ್ಲ."

ಮೇಸ್ತ್ರಿ ಆ ಬಟ್ಟೆಯನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಚಿಕ್ಕಮ್ಮ ಹರಿದ ಬೆಡ್‌ಶೀಟಿನಿಂದ ಇನ್ನೊಂದನ್ನು ಹೊಲಿದು, ಮೇಣ ಸವರಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇವತ್ತೂ ಒಂಬತ್ತೂವರೆ ಸಮೀಪಿಸುತ್ತಿರುವಾಗ ಮೇಸ್ತ್ರಿ ತಾವೇ ಒಂದು ಗಾಡಿ ತಳ್ಳಿಕೊಂಡು ಬರುತ್ತಾರೆ.

"ಏ ಗಡಿಯಾರ, ಇದೊಂದು ಮುಗಿಸಿಬಿಡು. ಹೋಟೆಲಿನವರು ಬಾಗಿಲಲ್ಲೇ ನಿಂತಿದಾರೆ."

"ನಿಲ್ಲಿಸಬೇಡಿ ಸಾರ್, ಪಾಪ. ಕುರ್ಚಿ ಹಾಕ್ಸಿ."

"ಹತ್ತೇ ನಿಮಿಷದ ಮಾತಮ್ಮ!"

"ನಿಮ್ಮ ಹತ್ತು ನಿಮಿಷಕ್ಕೆ ನನ್ನ ಎರಡು ಬೆರಳು ಕೊಟ್ಟಿದೀನಿ. ಉಳಿದ ಎಂಟು ನನಗೆ ಬೇಕು."

ಮೇಸ್ತ್ರಿ ಎಡಕ್ಕೆ ತಿರುಗುತ್ತಾರೆ. "ಚಿಕ್ಕಮ್ಮ, ನೀವಾದ್ರೂ ಹೇಳಿ."

"ನಾನೇನು ಹೇಳ್ಲಪ್ಪ? ಒಬ್ಬಳೇ ಎರಡು ಮೂಲೆ ಹಿಡಿಯೋಕೆ ನನಗೆ ನಾಲ್ಕು ಕೈ ಇದೆಯಾ? ಬಾ, ಆ ಕಡೆ ನೀನೇ ಹಿಡ್ಕೋ."

ಮೇಸ್ತ್ರಿ ಒಮ್ಮೆ ರೋಲರನ್ನೂ ಒಮ್ಮೆ ತಮ್ಮ ಇಸ್ತ್ರಿ ಮಾಡಿದ ತೋಳನ್ನೂ ನೋಡಿಕೊಳ್ಳುತ್ತಾರೆ. ಅಷ್ಟರಲ್ಲಿ ಚಿಕ್ಕಮ್ಮನ ಸೊಂಟದ ಬಟ್ಟೆ ಹೊರಬಂದು ಯಂತ್ರದ ಬಾಯಿ ಸೇರಿದೆ. ಬಿಸಿ ಮೇಣದ ವಾಸನೆ ಏಳುತ್ತದೆ. 'ಗಡಿಯಾರ' ಕೈ ತೊಳೆದು, ಬೆರಳು ಚುಚ್ಚಿ ಸಕ್ಕರೆ ನೋಡಿ, ಎಲ್ಲರೆದುರಿಗೇ ಏಪ್ರನ್ ಸರಿಸಿ ಹೊಟ್ಟೆಗೆ ಇನ್ಸುಲಿನ್ ಪೆನ್ನು ಒತ್ತುತ್ತಾಳೆ. ಶೌಚಾಲಯದ ಕಡೆ ತಲೆಯೂ ತಿರುಗಿಸುವುದಿಲ್ಲ. ಡಬ್ಬಿ ಬಿಸಿಮಾಡಿ ಬೆಂಚಿನ ಮೇಲೆ ಕೂರುವಷ್ಟರಲ್ಲಿ ಕಾಲು ಗಂಟೆ ಸರಿಯಾಗುತ್ತದೆ. ಉಳಿದ ರೋಲರುಗಳ ಹೆಂಗಸರೂ ಒಬ್ಬೊಬ್ಬರಾಗಿ ಡಬ್ಬಿ ಹಿಡಿದು ಬಂದು ಕೂರುತ್ತಾರೆ. ಗಂಟೆ ಇನ್ನೂ ಹೊಡೆದಿಲ್ಲ.

ಊಟವಾಗಿ ಎರಡು ಗಂಟೆ ಕಳೆದ ಮೇಲೆ ಆಕೆ ಮತ್ತೆ ಸಕ್ಕರೆ ನೋಡಿಕೊಳ್ಳುತ್ತಾಳೆ. ತುಸು ಹೆಚ್ಚಿದ್ದರೂ ಗಾಬರಿಬಿದ್ದು ಇನ್ನೊಂದು ಚುಚ್ಚಿಕೊಳ್ಳುವುದಿಲ್ಲ. "ಮೊದಲಿಂದು ಇನ್ನೂ ಡ್ಯೂಟಿಲಿರುತ್ತೆ. ಅದರ ಪಾಳಿ ಮುಗಿಯೋ ಮುಂಚೆ ಇನ್ನೊಂದನ್ನ ಒಳಗೆ ಬಿಟ್ಟರೆ ಎರಡೂ ಸೇರಿ ನನ್ನನ್ನ ಕೆಡವುತ್ವೆ."

ಆಸೆಯೇನಾದರೂ ಇದೆಯೇ ಎಂದು ಆಕೆಯನ್ನು ಕೇಳಿದರೆ:

"ಗಂಟೆ ಹೊತ್ತಿಗೆ ಸರಿಯಾಗಿ ಹೊಡೀಬೇಕು. ನನಗೋಸ್ಕರ ಅಲ್ಲ. ಹಸಿವು ಎಲ್ಲರಿಗೂ ಆಗುತ್ತೆ." ರೋಲರಿನತ್ತ ಕೈ ತೋರಿ ಸೇರಿಸುತ್ತಾಳೆ: "ಅಲ್ಲೀವರೆಗೂ ಮೇಣ ಇದೆ."

11 ಗಂಟೆ 45 ನಿಮಿಷ. ರೋಲರಿನ ಬಲಗಡೆ, ತನ್ನ ಜಾಗದಲ್ಲೇ ನಿಂತು ಆಕೆ ಬೆರಳು ಚುಚ್ಚಿಕೊಳ್ಳುತ್ತಾಳೆ. ಮೀಟರಿನಲ್ಲಿ ಮೂಡಿದ ಅಂಕಿ: 142, ಊಟದ ಮೇಲೆ ಇರಬೇಕಾದ ಮಿತಿಯೊಳಗೇ.