ಗಾಜಿಲ್ಲದ ಬೆಟ್ಟ

ರುದ್ರಮ್ಮನವರನ್ನು ನಾನು ಮೊದಲು ಕಂಡದ್ದು ೧೯೭೨ರ ಮಹಾನವಮಿಯಂದು, ಜರ್ಸಿ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯ ಮೆಟ್ಟಿಲ ಮೇಲೆ. ಮನೆಯೊಡತಿ ಮಿಸೆಸ್ ಹ್ಯಾಸ್ಕೆಲ್, ರುದ್ರಮ್ಮನವರ ಮುಖದ ಮುಂದೆ ಬೆರಳಾಡಿಸುತ್ತ, "ಔಟ್! ಮಂತ್ ಎಂಡ್, ಔಟ್!" ಎಂದು ಕೂಗುತ್ತಿದ್ದರು. ಶಾಲೆಯಿಂದ ಮರಳುತ್ತಿದ್ದ ನನ್ನನ್ನು ನೋಡಿ ರುದ್ರಮ್ಮ, "ನೀವು ಕನ್ನಡ ಮಾತಾಡೋ ಮಾಸ್ತರ್ರಲ್ಲೇನ್ರಿ? ಈಕಿ ಏನಂತಾಳ ಕೇಳ್ರಿ. ನಮ್ಮವ್ರು ಕೆಲಸಕ್ಕ ಹೋಗ್ಯಾರ" ಎಂದರು.

ಅವರು ಬಾಡಿಗೆಗಿದ್ದ ಮಹಡಿಯ ಗೋಡೆಯಲ್ಲಿ ಒಡತಿಯ ತಾತನ ಕಾಲದ ತೈಲಚಿತ್ರವೊಂದಿತ್ತು. ನ್ಯೂಯಾರ್ಕ್ ಸೀಮೆಯ ಕ್ಯಾಟ್‌ಸ್ಕಿಲ್ ಬೆಟ್ಟ, ನೂರು ವರ್ಷದ ಹಿಂದಿನದು. ಬುಡದಲ್ಲಿ ಹುಲ್ಲಿನ ಬಣವೆ, ಕೆಸರು ದಾರಿ, ಎರಡು ಬಡಕಲು ಹಸುಗಳು. ಹಬ್ಬವೆಂದು ಒಲೆಗೂ ಇಸ್ತ್ರಿಪೆಟ್ಟಿಗೆಗೂ ವಿಭೂತಿ ಹಚ್ಚಿದ ರುದ್ರಮ್ಮ ಬೆಟ್ಟಕ್ಕೂ ಮೂರು ಗೆರೆ ಎಳೆದು ಕುಂಕುಮವಿಟ್ಟಿದ್ದರು. ನಮ್ಮಲ್ಲಿ ಪಟವೆಂದರೆ ಗಾಜು ಇದ್ದೇ ಇರುತ್ತದೆ. ಇದಕ್ಕೆ ಇರಲಿಲ್ಲ. ಸೆರಗಿನಿಂದ ಒರೆಸಲು ಹೋದಾಗ ಕುಂಕುಮದ ಕೆಂಪು ಚಿತ್ರದ ಆಕಾಶಕ್ಕೂ ಹರಡಿತು.

"ನಿಮ್ಮ ಜನಕ್ಕೆ ಮನೆ ಕೊಟ್ಟದ್ದೇ ತಪ್ಪು. ಚಿತ್ರ ಮೊದಲಿನಂತಾದರೆ ಇವಳು ಇರಲಿ, ಇಲ್ಲವಾದರೆ ಬೀದಿಗೆ!" ಎಂದರು ಒಡತಿ. ಮೊದಲು ಬಾಡಿಗೆ ಮನೆ ಹುಡುಕುವಾಗ ಆ ಬೀದಿಯಲ್ಲಿ ಮೂರು ಮನೆಯವರು ರುದ್ರಮ್ಮನ ಗಂಡ ಈಶಣ್ಣನ ಮುಖ ನೋಡಿಯೇ ಬಾಗಿಲು ಹಾಕಿದ್ದರು.

ನಮ್ಮ ಶಾಲೆಯ ಚಿತ್ರಕಲೆಯ ಮೇಷ್ಟರು ಶನಿವಾರ ಬಂದು ಪರೀಕ್ಷಿಸಿದರು. ನೀರು, ಸೋಪು ಕೂಡದು. ಕಡ್ಡಿಗೆ ಹತ್ತಿ ಸುತ್ತಿ, ಎಂಜಲಿನಲ್ಲಿ ತೇವ ಮಾಡಿ, ಮೆಲ್ಲಗೆ ಉರುಳಿಸಬೇಕೆಂದು ತೋರಿಸಿಕೊಟ್ಟರು.

"ಎಂಜಲಾ? ಪೂಜಿ ಮಾಡಿದ ಬೆಟ್ಟಕ್ಕ?" ರುದ್ರಮ್ಮ ಕಡ್ಡಿಯನ್ನು ನನ್ನ ಕೈಗೆ ತುರುಕಿದರು. ಬಳಿಕ ಕಿಟಕಿಯಾಚೆಯ ಬೀದಿಯನ್ನು ನೋಡಿ ಅದನ್ನು ಕಿತ್ತುಕೊಂಡರು.

ಒಂದು ವಾರ, ದಿನವೂ ಸ್ನಾನ ಮಾಡಿ, ಬಾಯಿ ಮುಕ್ಕಳಿಸಿ, ಸಂಜೆಯವರೆಗೂ ಒಂದಗುಳನ್ನೂ ತಿನ್ನದೆ ಆ ಕೆಲಸ ಮಾಡಿದರು. ಒಡತಿ ಕುರ್ಚಿ ಹಾಕಿಕೊಂಡು ಕಾವಲು ಕುಳಿತರು.

"ಇವಳು ನನ್ನ ತಾತನ ಚಿತ್ರಕ್ಕೆ ಉಗುಳುತ್ತಿದ್ದಾಳೆ!"

"ಈಕಿ ಮಾರಿಗೆ ಉಗುಳೂದನ್ನ ಇದಕ್ಕ ಉಗುಳಾಕತ್ತೇನಿ ಅಂತ ಹೇಳ್ರಿ, ಮಾಸ್ತರ್ರ."

ನಾನು ಅದನ್ನು ಅನುವಾದಿಸಲಿಲ್ಲ.

ಕೆಂಪು ಹೋಯಿತು. ಒಡತಿ ಭೂತಗನ್ನಡಿ ಹಿಡಿದು ಹಸುಗಳ ಬಾಲದವರೆಗೂ ತಪ್ಪು ಹುಡುಕಿದರು, ಸಿಗಲಿಲ್ಲ. "ಸ್ಟೇ" ಎಂದು ಗೊಣಗಿ, ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದರು.

ಏಳು ವರ್ಷವಾಯಿತು. ಇಬ್ಬರ ನಡುವೆ ಇಂದಿಗೂ ಒಂದು ಒಳ್ಳೆಯ ಮಾತಿಲ್ಲ. ರುದ್ರಮ್ಮ ಅದೇ ಮಹಡಿಯಲ್ಲಿದ್ದಾರೆ. ಅದೇ ಮೊಳೆಗೆ ಶ್ರೀಶೈಲದ ಪಟ ತೂಗುಹಾಕಿದ್ದಾರೆ. ಮಹಾನವಮಿಗೆ ಅದನ್ನು ಮೊದಲು ಉಗುರಿನಿಂದ ಟಕಟಕನೆ ತಟ್ಟಿ, ಗಾಜು ಸದ್ದು ಮಾಡಿದ ಮೇಲೆಯೇ ವಿಭೂತಿ ಹಚ್ಚುತ್ತಾರೆ. ಧೂಪದ ವಾಸನೆಗೆ ಒಡತಿ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಛಾವಣಿ ಕುಟ್ಟುತ್ತಾರೆ. ರುದ್ರಮ್ಮ ಹಿಮ್ಮಡಿಯಿಂದ ನೆಲ ಕುಟ್ಟಿ ಆರತಿ ಮುಂದುವರಿಸುತ್ತಾರೆ.