ಮೊದಲ್ನೇ ವಾರದಾಗ ಬರ್ರಿ

೧೯೯೭ನೆಯ ಇಸವಿ. ನನಗೆ ಆಗ ಇಪ್ಪತ್ತೇಳು ವರ್ಷ ವಯಸ್ಸು; ಮಿರಜದ ಒಂದು ಕನ್ನಡ ಶಾಲೆಯಲ್ಲಿ ಸಹಶಿಕ್ಷಕನಾಗಿ ನಾಲ್ಕನೆಯ ವರ್ಷ ನಡೆದಿತ್ತು. ಇವೆರಡನ್ನು ಮೊದಲಿಗೇ ಬರೆದಿಡುತ್ತಿದ್ದೇನೆ. ಮುಂದೆ ಹೇಳಬೇಕಾದ ಸಂಗತಿಗೆ ನನ್ನ ಎಳೆಯ ಪ್ರಾಯವನ್ನು ನೆಪ ಮಾಡಿಕೊಳ್ಳುವ ಆಸೆ ನನಗೇ ಹುಟ್ಟಬಹುದು. ಇಪ್ಪತ್ತೇಳು ತಿಳಿವಳಿಕೆ ಬಾರದ ಪ್ರಾಯವಲ್ಲ.

ಈ ವರ್ಷದ ಆಷಾಢದಲ್ಲಿ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಕಿಟಕಿಯ ಬಳಿ ಕುಳಿತು, ಉಗುರಿನ ಬಣ್ಣ ತೆಗೆಯುವ ದ್ರವದ ಶೀಶೆಯ ಮುಚ್ಚಳ ತಿರುಗಿಸಿದಳು. ಮೂಗಿಗೆ ಚುಚ್ಚಿ, ಬಳಿಕ ಗಂಟಲಲ್ಲಿ ತುಸು ಸಿಹಿಯಾಗಿ ನಿಲ್ಲುವ ಆ ವಾಸನೆ... ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟೆ. ತುಂಡಾದ ಫಿಲ್ಮಿನ ತುದಿಗಳನ್ನು ಅಂಟಿಸಲು ಚಿತ್ರಮಂದಿರದ ಕ್ಯಾಬಿನ್ನಿನಲ್ಲಿ ಬಳಸುತ್ತಿದ್ದ ದ್ರವಕ್ಕೂ ಇದೇ ವಾಸನೆಯಿತ್ತು. ನಾವು ಬಾಡಿಗೆಗಿದ್ದ ವಾಡೆಯ ಕೆಳಗಿನ ಖೋಲಿಯಲ್ಲಿ ಆಪರೇಟರ್ ಕಾಕಾ ಇದ್ದರು. ಮಧ್ಯಾಹ್ನದ ಆಟ ಮುಗಿಸಿ ಅವರು ಊಟಕ್ಕೆ ಬಂದರೆ, ಸಾಬೂನು ಹಚ್ಚಿ ಎಷ್ಟು ತೊಳೆದರೂ ಆ ವಾಸನೆ ಅವರ ಬೆರಳುಗಳನ್ನು ಬಿಟ್ಟು ಹೋಗುತ್ತಿರಲಿಲ್ಲ.

ಅವರ ಮೂಲ ಲಿಂಗನೂರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಒಂದೇ ಚಿತ್ರಮಂದಿರದಲ್ಲಿ ಹತ್ತೊಂಬತ್ತು ವರ್ಷ ಯಂತ್ರ ನಡೆಸಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರಾಗಿದ್ದರೂ ನನ್ನನ್ನು ‘ಮಾಸ್ತರ್ರ’ ಎಂದೇ ಕರೆಯುತ್ತಿದ್ದರು. ಚಿತ್ರ ನೋಡುವುದನ್ನು ನನಗೆ ಕಲಿಸಿದವರು ಮಾತ್ರ ಅವರೇ.

ಹಿಂದಿಗೆ ಡಬ್ ಮಾಡಿದ ಇಂಗ್ಲಿಷ್ ಚಿತ್ರಗಳು ನಮ್ಮ ಊರಿಗೆ ಆಗಷ್ಟೇ ಬರತೊಡಗಿದ್ದವು. ಅವುಗಳಲ್ಲಿ ಮೂರು ಭಾಗಗಳ ಒಂದು ಅಂತರಿಕ್ಷಯಾನದ ಕಥೆಯಿತ್ತು. ಅದರ ನಿಜವಾದ ಹೆಸರನ್ನು ಮಿರಜದಲ್ಲಿ ಯಾರೂ ಹೇಳಲಿಲ್ಲ. ಎಲ್ಲರಿಗೂ ಅದು ‘ಜಹಾಜ್ ಪಿಕ್ಚರ್’. ವರ್ಷಕ್ಕೊಂದು ಭಾಗ ಬಂತು. ಭೂಮಿಯನ್ನು ಬಿಟ್ಟುಹೋದ ಒಂದು ನೌಕೆ, ಅದರ ವೃದ್ಧ ಕಪ್ತಾನ, ಹಿಂದೆ ಉಳಿದ ಅವನ ಮಗಳು. ಕಥೆ ಇಷ್ಟೇ. ಮೊದಲ ಭಾಗವನ್ನು ನೋಡಿ ಬಂದು, ನೌಕೆ ಬಂದರನ್ನು ಬಿಡುವ ದೃಶ್ಯ ಅನವಶ್ಯಕವಾಗಿ ದೀರ್ಘವಾಯಿತೆಂದು ನಾನು ಹೇಳಿದ್ದೆ. ಕಾಕಾ ನಕ್ಕರು.

“ನೀವು ಪಿಕ್ಚರ್ ನೋಡೂದಿಲ್ರಿ ಮಾಸ್ತರ್ರ, ಪೇಪರ್ ತಪಾಸಸ್ತೀರಿ.”

ಮರುದಿನ ನನ್ನನ್ನು ಕ್ಯಾಬಿನ್ನಿಗೆ ಕರೆದೊಯ್ದು, ಅದೇ ದೃಶ್ಯವನ್ನು ಗೋಡೆಯ ಕಿಂಡಿಯಿಂದ ಮತ್ತೊಮ್ಮೆ ತೋರಿಸಿದರು. ಕಾಕಾ ಬಾಲ್ಯದಲ್ಲಿ ಮಿರಜದ ತಂಬೂರಿ ತಯಾರಿಸುವವರ ಓಣಿಯಲ್ಲಿ ಬೆಳೆದವರು. ತಂತಿಯನ್ನು ಮೀಟಿದ್ದನ್ನು ಕೇಳಬಾರದು, ಮೀಟಿದ ಮೇಲೆ ಉಳಿಯುವುದನ್ನು ಕೇಳಬೇಕು ಎಂದರು. ಆ ನೌಕೆ ಹೊರಟ ಮೇಲೂ ಒಂದು ಮಂದ್ರಸ್ವರ ಉಳಿದಿತ್ತು. ಖಾಲಿ ಬಂದರು ಕಾಣುತ್ತಿತ್ತು. ದೃಶ್ಯವು ನೌಕೆಯ ಕುರಿತದ್ದಲ್ಲ, ಉಳಿದವರ ಕುರಿತದ್ದು ಎಂಬುದು ನನಗೆ ಆಗ ಹೊಳೆಯಿತು. ನಟನ ಬಗೆಗೂ ಅವರ ಮಾತು ಹಾಗೆಯೇ ಇತ್ತು. ಸಂಭಾಷಣೆ ಹೇಳುವಾಗ ಯಾರಾದರೂ ನಟಿಸಬಲ್ಲರು. ಕೇಳಿಸಿಕೊಳ್ಳುವಾಗ ಅವನ ಮುಖ ಏನು ಮಾಡುತ್ತದೆ ನೋಡಿ ಎನ್ನುತ್ತಿದ್ದರು. ಅವರ ಹೆಂಡತಿ ಕಾಕೂ ಒಳಗಿನಿಂದ, ಮನೆಯಲ್ಲಿ ತಾನು ಮಾತಾಡುವಾಗಲೂ ಇವರ ಮುಖ ಏನೂ ಮಾಡುವುದಿಲ್ಲವೆಂದು ಚುಚ್ಚುತ್ತಿದ್ದರು.

ಪ್ರತಿಯೊಂದು ಭಾಗ ಬಂದಾಗಲೂ ಅವರು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು: “ಮೊದಲ್ನೇ ವಾರದಾಗ ಬರ್ರಿ.” ಎರಡು ಭಾಗಗಳನ್ನು ನಾನು ಹಾಗೆಯೇ ನೋಡಿದ್ದೆ. ಮೂರನೆಯದು ಬಂದಾಗ ನನ್ನ ಮೇಜಿನ ಮೇಲೆ ಸಹಾಮಾಹಿ, ಎಂದರೆ ಅರ್ಧವಾರ್ಷಿಕ, ಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು. ಆ ವಾರ ಮೂರು ಸಲ ನಮ್ಮ ಮಾಳಿಗೆಗೆ ಹತ್ತುವ ಜಿನ್ನೆಯ ಬುಡದಲ್ಲಿ ನಿಂತು ಅವರು ನೆನಪಿಸಿದರು. ಏಕೆಂದು ನಾನು ಕೇಳಲಿಲ್ಲ. ಒಂದು ಚಿತ್ರ ಮುಂದಿನ ವಾರವೂ ಅದೇ ಚಿತ್ರವಾಗಿರುತ್ತದೆಂಬುದು ನನಗೆ ಸಂದೇಹಕ್ಕೆ ಆಸ್ಪದವಿಲ್ಲದ ಸಂಗತಿಯಾಗಿತ್ತು.

ಎರಡನೆಯ ವಾರದ ಬುಧವಾರ ಹೋದೆ. ಮಧ್ಯಂತರದ ನಂತರ ಮೋಟಾರ್ ಸೈಕಲ್ಲಿನದೊಂದು, ತಂಪು ಪಾನೀಯಗಳವು ಎರಡು, ಹೊಸ ಜಾಹೀರಾತುಗಳು ಬಂದವು. ಚಿತ್ರ ಮುಂದುವರಿಯಿತು. ಭೂಮಿಯಿಂದ ಕಪ್ತಾನನಿಗೆ ಸಂದೇಶ ಬರುತ್ತದೆ: ಮಗಳು ತೀರಿಕೊಂಡಳು. ಮರುಕ್ಷಣವೇ ಅವನು ಸಂಗಡಿಗರೊಂದಿಗೆ ಊಟದ ಮೇಜಿನಲ್ಲಿ ಕುಳಿತು ಏನೋ ವಿನೋದ ಹೇಳಿ ನಗುತ್ತಾನೆ. ಹಿನ್ನೆಲೆಯ ಸ್ವರ ನಡುವಿನಲ್ಲಿಯೇ ಕಡಿದುಹೋಗುತ್ತದೆ. ನನಗೆ ಸಿಟ್ಟು ಬಂತು. ಕಾಕಾ ಇಷ್ಟೊಂದು ಮೆಚ್ಚಿದ ಸರಣಿ ಹೀಗೆ ಕೊನೆಗೊಳ್ಳಬಾರದಿತ್ತು.

ಅವರನ್ನು ಕಂಡು ಮಾತನಾಡುವ ಮೊದಲೇ, ಸಾಂಗಲಿಯ ಒಂದು ಮರಾಠಿ ದಿನಪತ್ರಿಕೆಯ ರವಿವಾರದ ಪುಟಕ್ಕೆ ವಿಮರ್ಶೆ ಬರೆದು ಕಳುಹಿಸಿದೆ. ಗತಿ, ಸಂಗೀತ, ಅಭಿನಯ ಎಂದು ಮೂರು ದೋಷಗಳನ್ನು ಕ್ರಮವಾಗಿ ವಿಂಗಡಿಸಿದ್ದೆ. ಸಂದೇಶ ಬಂದ ಗಳಿಗೆಯಿಂದ ನಗುವಿನವರೆಗೆ ಒಂದು ಕ್ಷಣವೂ ಇಲ್ಲವೆಂದು ಎತ್ತಿ ತೋರಿಸಿದ್ದೆ. ಮೀಟಿದ ಮೇಲೆ ಉಳಿಯಬೇಕಾದ ಸ್ವರ ಉಳಿದಿಲ್ಲವೆಂದೂ, ಮಗಳ ಸಾವನ್ನು ಕೇಳಿಸಿಕೊಂಡವನ ಮುಖದಲ್ಲಿ ಏನೂ ಕಾಣದೆಂದೂ ಬರೆದೆ. ಅಳತೆಗೋಲು ಕಾಕಾನದು, ಕೈ ಮಾತ್ರ ನನ್ನದು. ಮುಖ್ಯಾಧ್ಯಾಪಕರು ಅದನ್ನು ಕತ್ತರಿಸಿ ಶಾಲೆಯ ಫಲಕಕ್ಕೆ ಅಂಟಿಸಿದರು.

ನನ್ನ ಬರಹದ ನಿಖರತೆಯೇ ಮುಳುವಾಯಿತು. ಕೊಲ್ಹಾಪುರದಲ್ಲಿದ್ದ ವಿತರಕರ ಪ್ರತಿನಿಧಿಯೊಬ್ಬರು ಅದನ್ನು ಓದಿದರು. ತಮ್ಮ ಚಿತ್ರದಲ್ಲಿ ಆ ಸಂದೇಶಕ್ಕೂ ಆ ನಗುವಿಗೂ ನಡುವೆ ನಾಲ್ಕು ನಿಮಿಷಗಳಿವೆಯೆಂಬುದು ಅವರಿಗೆ ಗೊತ್ತಿತ್ತು. ಪತ್ರಿಕೆಯನ್ನು ಕಿಸೆಯಲ್ಲಿಟ್ಟುಕೊಂಡು ಬಂದು, ನೇರವಾಗಿ ಅದೇ ರೀಲನ್ನು ಬಿಚ್ಚಿಸಿ ಅಂಟಿಸಿದ ಗೆರೆಯನ್ನು ಹಿಡಿದರು. ಚಿತ್ರಮಂದಿರದ ಮಾಲೀಕರು ತಮಗೇನೂ ಗೊತ್ತಿಲ್ಲವೆಂದರು. ಆಪರೇಟರ್ ತನ್ನ ಮನಸ್ಸಿನಿಂದ ಕತ್ತರಿ ಹಾಕಿದ್ದಾನೆಂದರು. ಅದೇ ಸಂಜೆ ಕಾಕಾನನ್ನು ಕೆಲಸದಿಂದ ತೆಗೆದರು.

ಮರುದಿನ ಬೆಳಿಗ್ಗೆ ಅವರು ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದೆ, ಕುಳಿತುಕೊಳ್ಳಲಿಲ್ಲ.

“ನೀವು ಬರದದ್ದೆಲ್ಲಾ ಖರೇ ಐತ್ರಿ ಮಾಸ್ತರ್ರ,” ಎಂದರು. “ಆದ್ರ ನೀವು ನೋಡಿದ್ದು ಆ ಪಿಕ್ಚರ್ ಅಲ್ಲ.”

ಆಮೇಲೆ ಎಲ್ಲವನ್ನೂ ವಿವರಿಸಿದರು. ಆ ಚಿತ್ರಮಂದಿರದಲ್ಲಿ ಅದೊಂದು ಪದ್ಧತಿಯೇ ಆಗಿತ್ತು. ಮೊದಲನೆಯ ವಾರ ಚಿತ್ರ ಪೂರ್ತಿಯಾಗಿ ನಡೆಯುತ್ತಿತ್ತು. ಜನ ಎಲ್ಲಿ ಸಿಳ್ಳೆ ಹೊಡೆಯುತ್ತಾರೆ, ಎಲ್ಲಿ ಬೇಸತ್ತು ಎದ್ದು ಹೋಗುತ್ತಾರೆ ಎಂಬುದನ್ನು ಮಾಲೀಕರು ಹಿಂದೆ ನಿಂತು ಗಮನಿಸುತ್ತಿದ್ದರು. ಎರಡನೆಯ ವಾರ ಆ ಭಾಗ ಹೋಗುತ್ತಿತ್ತು. ಮನೆಮನೆಗೆ ಕೇಬಲ್ ಟಿವಿ ಬಂದಿತ್ತು. ಬಾಲ್ಕನಿ ಖಾಲಿ ಬೀಳುತ್ತಿತ್ತು. ಜಾಹೀರಾತಿನವರಿಗೆ ಸಮಯ ಬೇಕಿತ್ತು. ಕತ್ತರಿಸಿದ ತುಂಡನ್ನು ಕಾಕಾ ಒಂದು ಡಬ್ಬಿಯಲ್ಲಿ ಸುತ್ತಿಟ್ಟು, ಪ್ರಿಂಟನ್ನು ಹಿಂದಿರುಗಿಸುವ ಹಿಂದಿನ ದಿನ ಪುನಃ ಅಂಟಿಸಿ ಕಳುಹಿಸುತ್ತಿದ್ದರು. ಈ ಸಲದ ತುಂಡು ಮುನ್ನೂರ ಅರವತ್ತು ಅಡಿ. ಒಂದು ಅಡಿಯೂ ಕಳೆದಿರಲಿಲ್ಲ. ಆದೇಶಗಳೆಲ್ಲ ಬಾಯಿಮಾತಿನವು. ಉಳಿದ ಸಾಕ್ಷಿ ಒಂದೇ: ಮೂರು ವರ್ಷ ನನಗೆ ಅವರು ಹೇಳುತ್ತ ಬಂದ ಆ ಮಾತು.

ಚಿತ್ರಮಂದಿರದ ಗುಟ್ಟನ್ನು ಹೊರಗಿನವರಿಗೆ ಹೇಳಬಾರದೆಂಬುದು ಅವರ ನಿಯಮವಾಗಿತ್ತು. ಆದ್ದರಿಂದಲೇ ಕಾರಣವನ್ನು ಬಿಟ್ಟು ವಾರವನ್ನು ಮಾತ್ರ ಹೇಳುತ್ತಿದ್ದರು.

“ಪೇಪರ್‌ನಾಗ ನಾಕ ಓಳಿ ಬರೀರಿ. ಎರಡನೇ ವಾರಕ್ಕ ಕತ್ತರಿ ಬೀಳತಿತ್ತು, ಅದಕ್ಕ ಮೊದಲ್ನೇ ವಾರದಾಗ ಕರೀತಿದ್ದ ಅಂತ. ಅಷ್ಟ ಸಾಕು. ಆ ಕೊಲ್ಹಾಪುರದವರು ನಿಮ್ಮನ್ನ ನಂಬತಾರ.”

ನಾನು ಏನು ಹೇಳಿದೆನೆಂಬುದು ಅಕ್ಷರಶಃ ನೆನಪಿದೆ. ಕಣ್ಣಾರೆ ಕಾಣದ್ದನ್ನು ಪತ್ರಿಕೆಯಲ್ಲಿ ಹೇಗೆ ಬರೆಯಲಿ ಎಂದು ಕೇಳಿದೆ.

ಕಾಕಾ ಜಿನ್ನೆಯ ಕಡೆಗೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಒಮ್ಮೆ ಬರದೀರಲ್ರಿ,” ಎಂದರು. ಜಿನ್ನೆ ಇಳಿದು ಹೋದರು.

ನನ್ನ ನಿರಾಕರಣೆಗೆ ಪ್ರಮಾಣನಿಷ್ಠೆ ಕಾರಣವಾಗಿರಲಿಲ್ಲ. ಆ ನಾಲ್ಕು ಸಾಲುಗಳನ್ನು ಬರೆದರೆ, ನೋಡದ ಚಿತ್ರವನ್ನು ವಿಮರ್ಶಿಸಿದೆನೆಂದು ಊರೆಲ್ಲ ಓದುತ್ತಿತ್ತು. ಫಲಕದ ಮೇಲಿನ ಕಾಗದವನ್ನು ಯಾರೋ ಕೀಳಬೇಕಾಗುತ್ತಿತ್ತು, ವಿದ್ಯಾರ್ಥಿಗಳು ನೋಡುತ್ತಿದ್ದರು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವೊಂದನ್ನು ಇಪ್ಪತ್ತೊಂದು ವರ್ಷ ಹುಡುಕಿದ್ದೇನೆ, ದೊರೆತಿಲ್ಲ.

ವಿತರಕರ ಮಾತು ಎಲ್ಲೆಡೆ ಹರಡಿತು. ಸಾಂಗಲಿ, ಮಿರಜ, ಜಯಸಿಂಗಪುರ, ಎಲ್ಲಿಯೂ ಯಾವ ಕ್ಯಾಬಿನ್ನಿನಲ್ಲಿಯೂ ಕಾಕಾನಿಗೆ ಸ್ಥಳ ಸಿಗಲಿಲ್ಲ. ದೀಪಾವಳಿಗೆ ಮೊದಲೇ ಕಾಕೂ ಖೋಲಿ ಖಾಲಿ ಮಾಡಿದರು. ಹೋಗುವಾಗ ನನ್ನ ತಾಯಿಯ ಬಳಿ ಬಂದು ಕುಂಕುಮ ತೆಗೆದುಕೊಂಡರು, ನನ್ನತ್ತ ನೋಡಲಿಲ್ಲ. ಮಾಧವನಗರದಲ್ಲಿ ಒಂದು ಮುಚ್ಚಿದ ಗಿರಣಿಯ ಗೇಟಿನಲ್ಲಿ ಕಾಕಾ ಕಾವಲಿಗೆ ಕುಳಿತರೆಂದು ಆಮೇಲೆ ಕೇಳಿದೆ. ನಿಂತುಹೋದ ಯಂತ್ರಗಳನ್ನು ಅವರು ಕಾಯುತ್ತಿದ್ದರು...

ಮತ್ತೊಮ್ಮೆ ಮಾತ್ರ ಅವರನ್ನು ಕಂಡೆ. ಆರೇಳು ವರ್ಷಗಳ ನಂತರ, ಮಾಧವನಗರದಿಂದ ಬರುವ ಶೇರ್ ರಿಕ್ಷಾದಲ್ಲಿ. ಐವರು ಒತ್ತಿಕೊಂಡು ಕುಳಿತಿದ್ದೆವು. ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಬೆರಳುಗಳಲ್ಲಿ ವಾಸನೆ ಉಳಿದಿರಲಿಲ್ಲ. ಎರಡು ಮೈಲು ಸಾಗಿದ ಮೇಲೆ ಕೇಳಿದರು: “ಮಾಸ್ತರ್ರ, ಆ ಪಿಕ್ಚರ್ ಪೂರ್ತಿ ನೋಡಿದ್ರೇನ್ರಿ?”

ಇಲ್ಲವೆಂದೆ. ತಲೆಯಾಡಿಸಿದರು. ಮುಂದಿನ ನಿಲುಗಡೆಯಲ್ಲಿ ಇಳಿದರು. ಅದು ಅವರ ನಿಲುಗಡೆಯಾಗಿತ್ತೋ ಇಲ್ಲವೋ ತಿಳಿಯದು.

೨೦೧೨ರಲ್ಲಿ ಅವರು ತೀರಿಕೊಂಡ ಸುದ್ದಿ ಅದೇ ದಿನ ನನಗೆ ಮುಟ್ಟಿತ್ತು. ಶಾಲೆಗೆ ತಪಾಸಣೆಯವರು ಬರುವವರಿದ್ದರು. ನಾನು ಹೋಗಲಿಲ್ಲ.

ಅಷ್ಟರಲ್ಲಿ ಆ ಚಿತ್ರಮಂದಿರವನ್ನೂ ಕೆಡವಿದ್ದರು. ಈಗ ಅಲ್ಲಿ ನಾಲ್ಕು ಮಾಳಿಗೆಯ ಕಾಂಪ್ಲೆಕ್ಸ್ ಇದೆ: ಕೆಳಗೆ ಮೊಬೈಲ್ ಅಂಗಡಿಗಳು, ಮೇಲೆ ಟ್ಯೂಷನ್ ತರಗತಿಗಳು. ಕ್ಯಾಬಿನ್ನಿನ ಕಿಂಡಿಗಳಿದ್ದ ಎತ್ತರದಲ್ಲಿ ಒಂದು ಜಾಹೀರಾತು ಫಲಕ.

ಉಗುರುಬಣ್ಣದ ಆ ವಾಸನೆ ಬಂದ ದಿನ, ತಂಗಿಯ ಮಗಳಿಗೆ ಚಿತ್ರದ ಕಥೆ ಹೇಳಿ, ಮೂರನೆಯ ಭಾಗ ಎಲ್ಲಿಯಾದರೂ ದೊರೆಯುವುದೇ ಎಂದು ಕೇಳಿದೆ. ಹೆಸರಿಲ್ಲದೆಯೇ ಅವಳು ಹತ್ತು ನಿಮಿಷಗಳಲ್ಲಿ ಅದನ್ನು ಟಿವಿಯ ಮೇಲೆ ತಂದುಕೊಟ್ಟಳು. ಇಪ್ಪತ್ತೊಂದು ವರ್ಷಗಳಲ್ಲಿ ಯಾವ ದಿನವಾದರೂ ಇದು ಸಾಧ್ಯವಿತ್ತೇನೋ... ಕೇಳುವ ಧೈರ್ಯ ನನಗಿರಲಿಲ್ಲ.

ಸಂದೇಶ ಬರುತ್ತದೆ. ಕಪ್ತಾನ ಗಾಜಿನ ಕಿಟಕಿಯ ಮುಂದೆ ಒಬ್ಬನೇ ನಿಂತಿದ್ದಾನೆ. ಉತ್ತರ ಹೇಳಲು ಬಾಯಿ ತೆರೆಯುತ್ತಾನೆ. ಉಸಿರಿಗೆ ಗಾಜು ಮಸುಕಾಗುತ್ತದೆ. ತೋಳಿನಿಂದ ಒರೆಸುತ್ತಾನೆ. ಪುನಃ ಬಾಯಿ ತೆರೆಯುತ್ತಾನೆ, ಪುನಃ ಮಸುಕು, ಪುನಃ ಒರೆಸುತ್ತಾನೆ. ಮೂರನೆಯ ಸಲ ಒರೆಸುವುದಿಲ್ಲ. ಆ ಮಸುಕು ತಾನಾಗಿ ಆರುವವರೆಗೂ ನೋಡುತ್ತ ನಿಲ್ಲುತ್ತಾನೆ. ಒಂದು ಮಾತಿಲ್ಲ. ಒಂದೇ ಮಂದ್ರಸ್ವರ ತೆಳುವಾಗುತ್ತ, ತೆಳುವಾಗುತ್ತ, ಕೇಳಿಸುತ್ತಿದೆಯೋ ನೆನಪಾಗುತ್ತಿದೆಯೋ ತಿಳಿಯದಂತೆ ಉಳಿಯುತ್ತದೆ. ಅದರ ನಂತರ ಊಟದ ಮೇಜು, ಸಂಗಡಿಗರು, ಆ ನಗು. ಅಭಿನಯವೇ ಇಲ್ಲವೆಂದು ನಾನು ಬರೆದಿದ್ದ ನಗು. ನನ್ನಿಂದ ನೋಡಲಾಗಲಿಲ್ಲ. ಹುಡುಗಿ ಟಿವಿ ಆರಿಸಿ ನೀರು ತಂದುಕೊಟ್ಟಳು.

ಅದೇ ಪತ್ರಿಕೆಗೆ ಪತ್ರ ಬರೆದೆ. ಕಚೇರಿಯ ತರುಣಿಯೊಬ್ಬರು ದೂರವಾಣಿ ಮಾಡಿ, ಇದು ಶ್ರದ್ಧಾಂಜಲಿಯ ಜಾಹೀರಾತೇ ಎಂದು ವಿಚಾರಿಸಿದರು. ಅಲ್ಲವೆಂದು ಮೂರು ಸಲ ವಿವರಿಸಬೇಕಾಯಿತು. ಕೊನೆಗೆ ವಾಚಕರ ಪತ್ರಗಳ ಅಂಕಣದ ಅಡಿಯಲ್ಲಿ ಅಚ್ಚಾಯಿತು: ೧೯೯೭ರ ನನ್ನ ವಿಮರ್ಶೆ ಕತ್ತರಿಸಿದ ಪ್ರಿಂಟನ್ನು ಕುರಿತದ್ದು; ಎರಡನೆಯ ವಾರಕ್ಕೆ ಕತ್ತರಿಸುವುದು ಆ ಚಿತ್ರಮಂದಿರದ ರೂಢಿಯಾಗಿತ್ತು; ಆಪರೇಟರ್ ನಿರ್ದೋಷಿ; ಇದನ್ನು ತಿಳಿದೂ ನಾನು ಸುಮ್ಮನಿದ್ದೆ.

ಅದೇ ಮಧ್ಯಾಹ್ನ ಪತ್ರಿಕೆ ಹಿಡಿದು ಮಾಧವನಗರಕ್ಕೆ ಹೋದೆ. ಕಾಕೂ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ. ನನ್ನ ದನಿಯಿಂದ ಗುರುತಿಸಿ “ಬರ್ರಿ, ಕುಂದ್ರಿ” ಎಂದರು. ಪತ್ರವನ್ನು ಮರಾಠಿಯಲ್ಲಿ ಓದಿ, ಕನ್ನಡದಲ್ಲಿಯೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಪತ್ರಿಕೆಯನ್ನು ತೆಗೆದುಕೊಂಡು, ಅಚ್ಚಾದ ಭಾಗದ ಮೇಲೆ ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದರು.

“ನಾಕ ಓಳಿನ ಆದವಲ್ರಿ,” ಎಂದರು.

ಆಮೇಲೆ ಪತ್ರಿಕೆಯನ್ನು ಮಡಿಚಿ ನನ್ನ ಕೈಗೇ ಹಿಂದಿರುಗಿಸಿದರು. ನೀವೇ ಇಟ್ಟುಕೊಳ್ಳಿ, ಇಲ್ಲಿ ಮರಾಠಿ ಓದುವವರಿದ್ದಾರೆ, ಆದರೆ ಇದನ್ನು ಓದಬೇಕಾದವರಿಲ್ಲ ಎಂದರು.

ಪತ್ರಿಕೆ ಈಗ ನನ್ನ ಮೇಜಿನ ಮೇಲಿದೆ. ದಿನಾಂಕ ೧೪ ಅಕ್ಟೋಬರ್ ೨೦೧೮, ರವಿವಾರ.