ಇಬ್ಬರಿಗೂ ಒಂದೇ ಪಾಸ್‌ಪೋರ್ಟು

ಎಂಬತ್ತರ ದಶಕದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯಿಂದ ಗಂಡ ಹೆಂಡತಿ ಜೊತೆಯಾಗಿ ಪರದೇಶಕ್ಕೆ ಹೊರಟರೆಂದರೆ, ಟಿಕೇಟು ಮಾಡಿಸುವ ಮೊದಲು ಮೂಡುಬಿದಿರೆಯ ಅನಂತಮತಿಯವರ ಮನೆಗೆ ಒಂದು ಸಲ ಹೋಗಿ ಬರುವುದು ರೂಢಿಯಾಗಿತ್ತು. ಹಾಗೆ ಹೊರಡುವವರೇನೂ ಸಾಲುಗಟ್ಟಿ ನಿಂತಿರಲಿಲ್ಲ. ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದವರು, ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೋಗುವವರು, ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಸಿಂಗಾಪುರ ನೋಡುವ ಆಸೆ ಹುಟ್ಟಿದವರು, ಅಷ್ಟೆ. ಅನಂತಮತಿ ಅವರನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ಇಬ್ಬರಿಗೂ ಬೇರೆ ಬೇರೆ ಪಾಸ್‌ಪೋರ್ಟು ಉಂಟಾ? ಇಲ್ಲವೆಂದರೆ ಮುಂದೆ ಮಾತಿಲ್ಲ. ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡುವ ಎಂದು ಎಬ್ಬಿಸಿ ಕಳಿಸಿಬಿಡುತ್ತಿದ್ದರು.

ಉಂಟೆಂದರೆ ಮಾತ್ರ ಉಳಿದ ಬುದ್ಧಿವಾದ ಹೊರಗೆ ಬರುತ್ತಿತ್ತು. ಒಂದೇ ಸಲಕ್ಕೆ ನಾಲ್ಕು ದೇಶ ಬೇಡ, ಎರಡು ಸಾಕು. ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ವಿಮಾನ ನಿಲ್ದಾಣಗಳನ್ನು ಮಾತ್ರ ನೋಡಿ ಬರುತ್ತಾರೆ. ಗಂಡನ ಬಟ್ಟೆ ಒಂದು ಪೆಟ್ಟಿಗೆಗೆ, ಹೆಂಡತಿಯದ್ದು ಇನ್ನೊಂದಕ್ಕೆ ತುಂಬಬಾರದು. ಎರಡರಲ್ಲೂ ಇಬ್ಬರದ್ದೂ ಇರಬೇಕು, ಒಂದು ಕಳೆದರೂ ಉಡಲಿಕ್ಕೆ ಇರುತ್ತದೆ. ಇಳಿದ ದಿನ ಏನನ್ನೂ ನೋಡಲು ಹೋಗದೆ ಸುಮ್ಮನೆ ಮಲಗಬೇಕು. ಅವಲಕ್ಕಿ, ಚಟ್ನಿಪುಡಿ ಕೈಚೀಲದಲ್ಲೇ ಇರಲಿ. ಮಧ್ಯೆ ಉಳಿಯುವ ಪ್ರತಿಯೊಂದು ಊರಿನ ವಿಳಾಸವನ್ನೂ ಮನೆಯವರ ಕೈಗೆ ಕೊಟ್ಟು ಹೋಗಬೇಕು, ಕೊನೆಯ ಊರಿನದ್ದು ಮಾತ್ರ ಅಲ್ಲ. ಬೆಲ್ಲ ನೀರು ಕೊಡುವವರೆಗೆ ಅವರ ಗಂಡ ವಿಜಯರಾಜರು ಪಕ್ಕದಲ್ಲೇ ಕೂತಿರುತ್ತಿದ್ದರು. ಪಾಸ್‌ಪೋರ್ಟಿನ ಮಾತು ಎದ್ದ ಕೂಡಲೇ ಊರುಗೋಲು ಹಿಡಿದು ಅಂಗಳಕ್ಕೆ ಇಳಿದುಬಿಡುತ್ತಿದ್ದರು. ಬಂದವರಿಗೆ ಕಾರಣ ಗೊತ್ತಿರುತ್ತಿರಲಿಲ್ಲ, ಗೊತ್ತಿದ್ದ ಊರವರು ಆ ಸುದ್ದಿ ಎತ್ತುತ್ತಿರಲಿಲ್ಲ.

ಈ ಬುದ್ಧಿ ಅನಂತಮತಿಗೆ ಬಂದದ್ದು ಎಪ್ಪತ್ತೇಳನೇ ಇಸವಿಯಲ್ಲಿ. ಪುಸ್ತಕ ಓದಿ ಬಂದದ್ದಲ್ಲ.

ಆಗ ವಿಜಯರಾಜರಿಗೆ ಎರಡು ಬಸ್ಸುಗಳಿದ್ದವು. ಒಂದು ಮೂಡುಬಿದಿರೆಯಿಂದ ಶಿರ್ತಾಡಿಯ ಕಡೆಗೆ, ಇನ್ನೊಂದು ಬಿ.ಸಿ.ರೋಡಿಗೆ. ಮಕ್ಕಳಿರಲಿಲ್ಲ. ಬಸ್ಸಿನ ಧಣಿಗಳಿಗೆ ಬಸ್ಸಿನಲ್ಲಿ ಕೂತು ಸಾಕಾಗಿತ್ತೋ ಏನೋ, ಈಜಿಪ್ಟು, ಇಟಲಿ, ಲಂಡನ್ ಮೂರನ್ನೂ ಹೆಂಡತಿಗೆ ತೋರಿಸಬೇಕೆಂಬ ಹುಚ್ಚು ಹಿಡಿಯಿತು. ಬಿ.ಸಿ.ರೋಡಿನ ಬಸ್ಸನ್ನು ಮಾರಿದರು. ಲಂಡನ್ನಿನಲ್ಲಿ ಅವರ ದಾಯಾದಿಯೊಬ್ಬರು ಡಾಕ್ಟರಾಗಿದ್ದರು, ಉಳಿಯಲು ಜಾಗವಾಯಿತು. ಬಿ.ಸಿ.ರೋಡಿನಲ್ಲಿ ಇಳಿದು ಬೆಳ್ತಂಗಡಿ ಬಸ್ಸು ಹಿಡಿಯುವ ಹಾಗೆ ರೋಮಿನಲ್ಲಿ ಇಳಿದು ಲಂಡನ್ ವಿಮಾನ ಹಿಡಿಯುವುದು, ಅದರಲ್ಲಿ ಏನು ದೊಡ್ಡ ವಿದ್ಯೆ ಎಂದು ಎಲ್ಲರ ಎದುರಿಗೂ ಹೇಳುತ್ತಿದ್ದರು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅದಕ್ಕೂ ಅವರು ಲೆಕ್ಕ ಹಾಕಿದ್ದರು. ಆ ದೇಶಗಳಲ್ಲಿ ಬೇಸಿಗೆಯ ಸೂರ್ಯ ಒಂಬತ್ತಾದರೂ ಆಕಾಶದಲ್ಲೇ ಇರುತ್ತಾನಂತೆ, ಅಲ್ಲಿ ವ್ರತ ಇಲ್ಲಿಗಿಂತ ಸುಲಭ ಎಂದು ಖುಷಿಪಟ್ಟುಕೊಂಡರು.

ಆಗಿನ ಕಾಲದಲ್ಲಿ ಗಂಡನ ಪಾಸ್‌ಪೋರ್ಟಿನಲ್ಲೇ ಹೆಂಡತಿಯ ಹೆಸರು, ಫೋಟೋ ಸೇರಿಸುವ ಕ್ರಮವೂ ಇತ್ತು. ಬೇರೆ ಮಾಡಿಸುವುದಾ ಎಂದು ಯಾರೋ ಕೇಳಿದ್ದಕ್ಕೆ ವಿಜಯರಾಜರು ನಕ್ಕುಬಿಟ್ಟರು. ಗಂಡ ಹೆಂಡತಿಗೆ ಎರಡೆರಡು ಯಾಕೆ ಮಾರಾಯ, ನಾನು ಅವಳನ್ನು ಎಲ್ಲಿಯಾದರೂ ಬಿಟ್ಟು ಬರ್ತೇನಾ ಎಂದರು. ಒಂದೇ ಪುಸ್ತಕ ಬಂತು. ಅದರಲ್ಲಿ ಅವರ ಫೋಟೋ, ಪಕ್ಕದಲ್ಲಿ ಅನಂತಮತಿಯ ಫೋಟೋ. ಬಂದ ನೆಂಟರಿಗೆಲ್ಲ ಅದನ್ನು ಮದುವೆಯ ಆಲ್ಬಮ್ಮಿನ ಹಾಗೆ ತೋರಿಸಿದ್ದಾಯಿತು. ಅನಂತಮತಿಗೂ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳು ಹೇಳಬಾರದು.

ಹೊರಡುವ ಮೊದಲು ಹೇಳಿ ಬರಲು ಶಿರ್ತಾಡಿಯ ತವರಿಗೆ ಹೋದರು. ತಾಯಿ ಮರುದೇವಮ್ಮನಿಗೆ ಈ ಪ್ರಯಾಣ ಸುತರಾಂ ಇಷ್ಟವಿರಲಿಲ್ಲ. ಆಗಲೇ ಅನ್ನ ಸರಿಯಾಗಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಕಂಡ ಕಂಡವರ ಕೈಯ ಊಟ, ಹೊತ್ತುಗೊತ್ತಿಲ್ಲದ ತಿರುಗಾಟ ಎಂದು ಶುರುವಾದದ್ದು ಬೆಳೆಯುತ್ತಾ ಹೋಗಿ, "ಮಕ್ಕಳಿಲ್ಲದವರಿಗೆ ಊರು ಸುತ್ತುವುದು ಬಿಟ್ಟು ಬೇರೆ ಏನುಂಟು?" ಎಂಬಲ್ಲಿ ಬಂದು ನಿಂತಿತು.

ಆ ಮಾತನ್ನು ಅತ್ತೆಮನೆಯಲ್ಲಿ ಕೂಡ ಯಾರೂ ಆಡಿರಲಿಲ್ಲ. ಹೆತ್ತ ತಾಯಿ ಆಡಿದಳು. ಅನಂತಮತಿ ಬಾಗಿಲಲ್ಲೇ ಎದ್ದು ನಿಂತು, ನಾನು ಸುಖವಾಗಿರುವುದು ನಿಮ್ಮ ಕಣ್ಣಿಗೆ ಎಂದೂ ಹಿಡಿಸಲಿಲ್ಲ ಅಮ್ಮ ಎಂದರು. ಕಾಲಿಗೆ ಬೀಳದೆ ಹೊರಟರು. ಅಣ್ಣ ಧರಣೇಂದ್ರ ಹಿಂದೆಯೇ ಗೇಟಿನವರೆಗೆ ಬಂದು ಸಮಾಧಾನ ಹೇಳಿದ. ಬಂದ ಮೇಲೆ ನೋಡುವ ಎಂದು ಬಸ್ಸು ಹತ್ತಿದರು.

ಈಜಿಪ್ಟಿನಲ್ಲಿ ಎಲ್ಲವೂ ವಿಜಯರಾಜರ ಲೆಕ್ಕದಂತೆಯೇ ನಡೆಯಿತು. ರೋಮಿನಲ್ಲಿ ಒಂದು ದೊಡ್ಡ ಇಗರ್ಜಿಯ ಗೋಪುರ ಪೂರ್ತಿ ಫೋಟೋದಲ್ಲಿ ಬರಲೆಂದು ಅವರು ಕ್ಯಾಮರಾ ಕಣ್ಣಿಗೆ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಹಿಂದೆ ಮೆಟ್ಟಿಲು ಇತ್ತು. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ವಾರಗಟ್ಟಲೆ ಅಲುಗಾಡುವಂತಿಲ್ಲ ಎಂದರು. ಭಾಷೆ ಬಾರದ ಊರಿನಲ್ಲಿ ಅನಂತಮತಿ ಹಣ್ಣು, ಬ್ರೆಡ್ಡು ತಿಂದುಕೊಂಡು ಗಂಡನ ಮಂಚದ ಬಳಿ ದಿನ ದೂಡಿದರು. ಹೊತ್ತು ಕಂತುವುದನ್ನು ನೋಡಲು ಅವರಿಗೆ ಗಡಿಯಾರ ಬೇಕಿರಲಿಲ್ಲ, ಕಿಟಕಿ ಇತ್ತು.

ಅಷ್ಟರಲ್ಲಿ ಲಂಡನ್ನಿನ ಡಾಕ್ಟರಿಂದ ಆಸ್ಪತ್ರೆಗೆ ಫೋನು ಬಂತು. ಧರಣೇಂದ್ರನ ಕೈಯಲ್ಲಿ ಇದ್ದ ವಿಳಾಸ ಲಂಡನ್ನಿನದ್ದು ಮಾತ್ರ, ಅವನ ತಂತಿ ಅಲ್ಲಿ ಹೋಗಿ ಬಿದ್ದಿತ್ತು. ಇವರು ಎಲ್ಲಿದ್ದಾರೆಂದು ಹುಡುಕುವುದರಲ್ಲೇ ಕೆಲವು ದಿನ ಹೋಗಿದ್ದವು. ಮರುದೇವಮ್ಮನ ಗಂಟಲಿನದ್ದು ಗುಣವಾಗುವ ಕಾಯಿಲೆ ಅಲ್ಲವೆಂದು ಮಂಗಳೂರಿನಲ್ಲಿ ಹೇಳಿದ್ದರು. ಅವರು ಗುರುಗಳ ಅನುಮತಿ ಕೇಳಿ ಸಲ್ಲೇಖನ ವ್ರತ ಹಿಡಿದಿದ್ದರು. ಅನ್ನ ಬಿಟ್ಟಾಗಿತ್ತು.

ಅನಂತಮತಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲು ಅನ್ನ ಬಿಡುವುದು, ಆಮೇಲೆ ಹಾಲು, ಆಮೇಲೆ ಮಜ್ಜಿಗೆ, ಕೊನೆಗೆ ನೀರು. ನಡುವೆ ಬಂಧುಗಳನ್ನು, ಆಳುಕಾಳುಗಳನ್ನು, ಜಗಳವಾಡಿದ ನೆರೆಯವರನ್ನು ಒಬ್ಬೊಬ್ಬರಾಗಿ ಕರೆದು ಕ್ಷಮೆ ಕೇಳುವುದು, ಕ್ಷಮೆ ಕೊಡುವುದು. ಯಾರ ಮೇಲೂ ಸಿಟ್ಟಿಲ್ಲ, ಯಾರ ಋಣವೂ ಇಲ್ಲ ಎಂದಾದ ಮೇಲೆ ಹೊರಡುವುದು. ತನ್ನ ಮತ್ತು ತಾಯಿಯ ನಡುವೆ ಆ ಒಂದು ಮಾತು ಹಾಗೆಯೇ ಬಿದ್ದಿದೆ. ನೀರು ಬಿಡುವ ಮೊದಲು ತಾನು ಶಿರ್ತಾಡಿಯ ಆ ಕೋಣೆಯಲ್ಲಿ ಇರಬೇಕು. ಬೇರೆ ಏನೂ ಬೇಡ.

ವಿಮಾನದ ಕಚೇರಿಗೆ ಓಡಿದರು. ಅಲ್ಲಿನ ಹೆಂಗಸು ಪಾಸ್‌ಪೋರ್ಟು ತೆರೆದು ವಿಜಯರಾಜರ ಫೋಟೋದ ಮೇಲೆ ಬೆರಳಿಟ್ಟು, ಇವರು ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದಳು. ಅಲ್ಲಿಂದ ನಮ್ಮ ದೇಶದ ರಾಯಭಾರ ಕಚೇರಿಗೆ ಹೋದರು. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿದರು. ಆದರೆ ಪಾಸ್‌ಪೋರ್ಟು ಗಂಡನದ್ದು, ಗಂಡ ಜೊತೆಗಿಲ್ಲದೆ ಹೆಂಡತಿ ಅದರ ಮೇಲೆ ಹೋಗುವಂತಿಲ್ಲ. ಅದನ್ನು ಒಯ್ದರೆ ಹಾಸಿಗೆ ಹಿಡಿದ ಗಂಡ ಇಲ್ಲಿ ಕಾಗದವಿಲ್ಲದೆ ಉಳಿಯುತ್ತಾರೆ. ಬೇರೆ ಕಾಗದ ಕೊಡಬೇಕಾದರೆ ಊರಿನಿಂದ ವರದಿ ಬರಬೇಕು. ತಂತಿ ಕಳಿಸುತ್ತೇವೆ, ಕಾಯಿರಿ ಎಂದರು.

ಆಸ್ಪತ್ರೆಗೆ ಬಂದು ಹೇಳಿದಾಗ ವಿಜಯರಾಜರು ಕಾಲಿಗೆ ಕಟ್ಟಿದ ತೂಕವನ್ನು ಕಿತ್ತು ಏಳಲು ನೋಡಿದರು. ನನ್ನನ್ನು ಮಂಚ ಸಮೇತ ವಿಮಾನಕ್ಕೆ ಹಾಕಿ, ನಾನು ಪಕ್ಕದಲ್ಲಿದ್ದರೆ ಸಾಕಲ್ಲ, ಅವಳು ಹೋಗಬಹುದಲ್ಲ ಎಂದು ಕನ್ನಡದಲ್ಲೇ ಕೂಗಿದರು. ಓಡಿ ಬಂದ ದಾದಿಯರು ಏನೂ ತಿಳಿಯದೆ ನೋವಿಗೆ ಸೂಜಿ ಚುಚ್ಚಿದರು. ಅನಂತಮತಿಗೆ ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಮುಖ ನೋಡಿದ ಮೇಲೆ ಅದನ್ನು ಆಡುವ ಮನಸ್ಸಾಗಲಿಲ್ಲ. ಒಂದು ಮಾತು ಆಡಿ ಹೊರಟದ್ದರ ಫಲವನ್ನೇ ಉಣ್ಣುತ್ತಿದ್ದೇನೆ, ಇನ್ನೊಂದು ಯಾಕೆ ಎಂದು ಸುಮ್ಮನಾದರು. ದಿನಾ ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವುದು, ಇನ್ನೂ ಬಂದಿಲ್ಲ ಎಂದು ಕೇಳಿಸಿಕೊಂಡು ಇಳಿಯುವುದು. ಈ ಹೊತ್ತಿಗೆ ಅಮ್ಮ ಹಾಲು ಬಿಟ್ಟಿರಬಹುದು, ಈಗ ಮಜ್ಜಿಗೆಯನ್ನೂ ಬಿಟ್ಟಿರಬಹುದು ಎಂದು ಮನಸ್ಸು ತಾನೇ ಎಣಿಸಿಕೊಳ್ಳುತ್ತಿತ್ತು.

ಕೊನೆಗೂ ಕಾಗದ ಸಿಕ್ಕಿತು. ಗಂಡನನ್ನು ನೋಡಿಕೊಳ್ಳಲು ಲಂಡನ್ನಿನ ಡಾಕ್ಟರು ಬಂದರು. ಅನಂತಮತಿ ಒಬ್ಬರೇ ಬೊಂಬಾಯಿಗೆ, ಅಲ್ಲಿಂದ ಮಂಗಳೂರಿಗೆ, ಮೂಡುಬಿದಿರೆಗೆ ಬಂದು ಶಿರ್ತಾಡಿಗೆ ತಮ್ಮದೇ ಬಸ್ಸು ಹತ್ತಿದರು. ಕಂಡಕ್ಟರ್ ಸಂಕಪ್ಪ ಅವರನ್ನು ಕಂಡವನೇ ಬಾಯಿಯಲ್ಲಿದ್ದ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿ ನಿಂತ. ಬಸ್ಸು ಹೊರಡುವ ಮೊದಲೇ ಅವರಿಗೆ ಗೊತ್ತಾಯಿತು.

ಅಮ್ಮ ಹೋಗಿ ಮೂರು ದಿನ ಆಗಿತ್ತು. ಧರಣೇಂದ್ರ ಅಳಲಿಲ್ಲ. ಅಂಥ ಸಾವಿಗೆ ಅಳಬಾರದು. ಅಮ್ಮ ಬಹಳ ಶಾಂತವಾಗಿ ಹೋದರು, ಯಾರನ್ನೂ ನೆನೆಸಲಿಲ್ಲ, ಯಾರು ಬಂದರು ಬರಲಿಲ್ಲ ಎಂಬ ಮೋಹವೇ ಉಳಿದಿರಲಿಲ್ಲ ಎಂದ. ಬಂದವರೆಲ್ಲ ಮರುದೇವಮ್ಮನ ಭಾಗ್ಯವನ್ನು ಹೊಗಳಿದರು. ಅನಂತಮತಿಯೂ ಹೌದು ಹೌದು ಎಂದರು. ಯಾರನ್ನೂ ನೆನೆಸಲಿಲ್ಲ ಎಂಬುದರಲ್ಲಿ ತಾನೂ ಸೇರಿದೆನಲ್ಲ ಎಂಬ ಸಂಕಟವನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ತಾಯಿಯ ವ್ರತಕ್ಕೆ ಕುಂದು ಬಯಸಿದಂತೆ. ಊರು ಹೊಗಳಿದ ಆ ಸಾವು ಅವರೊಬ್ಬರಿಗೆ ಮಾತ್ರ ಮುಳ್ಳಾಗಿ ಉಳಿಯಿತು. ಪ್ರತಿ ವರ್ಷ ಪರ್ವ ಮುಗಿದು, ಜೈನರೆಲ್ಲ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ ಬಂದಾಗ ಅವರು ಬಸದಿಗೆ ಹೋಗಿ ಬೇಗನೆ ಮನೆಗೆ ಬಂದುಬಿಡುತ್ತಿದ್ದರು. ವಿಜಯರಾಜರು ಕುಂಟುಕಾಲಿನಲ್ಲಿ ಊರಿಗೆ ಮರಳಿ, ಉಳಿದ ಬಸ್ಸನ್ನೂ ಮಾರಿದರು. ಲಂಡನ್ನನ್ನು ಇಬ್ಬರೂ ನೋಡಲೇ ಇಲ್ಲ.

ಹನ್ನೊಂದು ವರ್ಷ ಕಳೆದ ಮೇಲೆ ಧರಣೇಂದ್ರನ ಮಗಳು ವಿಮಲಾ ಗಂಡ ಸನತ್‌ಕುಮಾರನ ಜೊತೆ ಬಂದಳು. ಅವನಿಗೆ ಮಸ್ಕತ್ತಿನಲ್ಲಿ ಕೆಲಸವಾಗಿತ್ತು. ವರ್ಷ ಕಳೆದ ಮೇಲೆ ರಜೆಯಲ್ಲಿ ಈಜಿಪ್ಟು, ಲಂಡನ್ ನೋಡುವ ಆಸೆ ಇಬ್ಬರಿಗೂ ಇತ್ತು. ಧರಣೇಂದ್ರ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಅನಂತಮತಿ ಎಂದಿನ ಪ್ರಶ್ನೆ ಕೇಳಿದರು. ಸನತ್‌ಕುಮಾರ ಎರಡು ಪಾಸ್‌ಪೋರ್ಟು ತೆಗೆದು ತೋರಿಸಿದ. ವಿಜಯರಾಜರು ಎದ್ದು ಅಂಗಳಕ್ಕೆ ಹೋದರು. ಹುಡುಗನೂ ಅವರಿಗೆ ಜೊತೆಯಾಗಿ ಹೋದ. ಅನಂತಮತಿ ಪೆಟ್ಟಿಗೆ, ವಿಳಾಸ, ಅವಲಕ್ಕಿ ಎಲ್ಲವನ್ನೂ ಹೇಳಿ ಮುಗಿಸಿ, ಹೊರಡುವ ಮೊದಲು ಮನೆಯಲ್ಲಿ ಯಾರ ಹತ್ತಿರವೂ ಮಾತು ಬಾಕಿ ಇಟ್ಟುಕೊಳ್ಳಬೇಡ ಎಂದರು.

ವಿಮಲಾ ತಲೆ ಎತ್ತದೆ, "ಒಂದು ಮಾತು ಬಾಕಿ ಉಂಟು ಅತ್ತೆ. ನನ್ನದಲ್ಲ, ಅಜ್ಜಿಯದ್ದು" ಎಂದಳು.

ಆಗ ಅವಳು ಸಣ್ಣ ಹುಡುಗಿ. ಅಜ್ಜಿಗೆ ಕುದಿಸಿ ಆರಿಸಿದ ನೀರು ತಂದುಕೊಡುವ ಕೆಲಸ ಅವಳದ್ದಾಗಿತ್ತು. ಅಜ್ಜಿ ಎಲ್ಲರಲ್ಲೂ ಕ್ಷಮೆ ಕೇಳಿ ಮುಗಿಸಿದ್ದರು, ತೋಟಕ್ಕೆ ನೀರು ಕಟ್ಟುವ ವೆಂಕಪ್ಪನಲ್ಲಿ ಕೂಡ. ನೀರು ಬಿಡುವ ದಿನ ಬಂದಿತ್ತು. ಬಿಡಲಿಲ್ಲ. ಇವತ್ತೊಂದು ದಿನ ಇರಲಿ, ಅನಂತು ಬರಬಹುದು ಎಂದರು. ಮರುದಿನವೂ ಅದನ್ನೇ ಹೇಳಿದರು. ಗಂಟಲು ಮುಚ್ಚಿಹೋಗಿತ್ತು, ಒಂದು ಗುಟುಕು ಇಳಿಸಲು ಪ್ರಾಣ ಹೋಗಿ ಬಂದಂತಾಗುತ್ತಿತ್ತು. ರಸ್ತೆಯಲ್ಲಿ ವಿಜಯರಾಜರ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಕತ್ತು ಬಾಗಿಲ ಕಡೆಗೆ ಹೊರಳುತ್ತಿತ್ತು. ಹಾಗೆ ಎಷ್ಟೋ ದಿನ ನಡೆಯಿತು. ಇದು ಹೊರಗೆ ಗೊತ್ತಾದರೆ ಮೋಹ ಬಿಡದೆ ವ್ರತ ಕೆಡಿಸಿಕೊಂಡರು ಎಂದು ಜನ ಆಡಿಕೊಳ್ಳುತ್ತಾರೆಂದು ಅಪ್ಪ ಹೆದರಿದ. ಯಾರ ಹತ್ತಿರವೂ ಹೇಳಬಾರದೆಂದು ಬಸದಿಯ ಕಡೆ ಕೈ ಮಾಡಿಸಿ ಆಣೆ ಹಾಕಿಸಿದ.

"ಕೊನೆಯ ದಿನ ನೀರು ಬೇಡ ಅಂದ್ರು. ನನ್ನ ಕೈ ಹಿಡಿದು, ಅವಳಿಗೆ ಹೇಳಬಾರದ ಮಾತು ಹೇಳಿದ್ದೇನೆ, ನಾನು ಕೇಳಿದೆ ಅಂತ ನೀನೇ ಕ್ಷಮೆ ಕೇಳು ಅಂದ್ರು. ನಾನು ಹೂಂ ಅಂದೆ." ವಿಮಲಾ ಎದ್ದು ಕೈಮುಗಿದಳು. "ಈಗ ಕೇಳ್ತಿದ್ದೇನೆ ಅತ್ತೆ."

ಯಾರನ್ನೂ ನೆನೆಸದೆ ಹೋದರೆಂದು ಹನ್ನೊಂದು ವರ್ಷ ಕೊರಗಿದ್ದೇ ಸುಲಭವಾಗಿತ್ತು ಎಂದು ಅನಂತಮತಿಗೆ ಅನ್ನಿಸಿತು. ತಾನು ರೋಮಿನಲ್ಲಿ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಒಂದೊಂದು ಬೆಳಿಗ್ಗೆಯೂ ಅಮ್ಮ ಇಲ್ಲಿ ಒಂದೊಂದು ಗುಟುಕನ್ನು ಕಷ್ಟಪಟ್ಟು ಇಳಿಸುತ್ತಿದ್ದರು. ವಿಮಲಾಳ ಮುಗಿದ ಕೈಗಳನ್ನು ಹಿಡಿದುಕೊಂಡು, "ಕ್ಷಮಿಸಿದ್ದೇನೆ, ಅಮ್ಮ" ಎಂದರು. ಆ ಕೈಗಳನ್ನು ಬಿಡಲಿಲ್ಲ. ಅಂಗಳದಲ್ಲಿ ವಿಜಯರಾಜರ ಊರುಗೋಲಿನ ಸದ್ದು ಮನೆಯ ಕಡೆಗೆ ಬರುತ್ತಿತ್ತು. ತಾಯಿಯ ಕ್ಷಮೆಯನ್ನು ತಂದು ಕೊಡಲಿಕ್ಕೆ ಈ ಹುಡುಗಿಯಾದರೂ ಇದ್ದಳು. ಅನಂತಮತಿ ಕೇಳಬೇಕಾಗಿದ್ದ ಕ್ಷಮೆಯನ್ನು ಒಯ್ದು ಕೊಡುವವರು ಯಾರೂ ಇರಲಿಲ್ಲ.